ಕಿವಿಗೆ ಒಂದೇ, ಕಾಗದದಲ್ಲಿ ಬೇರೆ

ಶಿಕಾರಿಪುರ, ಸೊರಬದ ಕಡೆ ಮನೆಮಾತಿನಲ್ಲಿ ಕಾಫಿ ಸುಲಭವಾಗಿ 'ಕಾಪಿ' ಆಗುತ್ತದೆ. ಪರೀಕ್ಷೆಯಲ್ಲಿ ಹೊಡೆಯುವುದೂ ಕಾಪಿಯೇ. ಇದು ಈ ಸೀಮೆಯಲ್ಲಷ್ಟೇ ಅಲ್ಲ, ಕರ್ನಾಟಕದ ಉದ್ದಗಲಕ್ಕೂ ಕೇಳುವ ಮಾತು. ಇಂಗ್ಲಿಷಿನ 'ಎಫ್' ಹೊರಡಬೇಕಾದರೆ ಮೇಲಿನ ಹಲ್ಲು ಕೆಳತುಟಿಗೆ ತಾಗಿ, ನಡುವೆ ಗಾಳಿ ಉಜ್ಜಿಕೊಂಡು ಬರಬೇಕು. ಕನ್ನಡದ 'ಫ' ಅದಲ್ಲ. ಅದು ಮಹಾಪ್ರಾಣದ 'ಪ'. ಆಡುಮಾತಿನಲ್ಲಿ ಮಹಾಪ್ರಾಣ ಸಡಿಲವಾದರೆ ಉಳಿಯುವುದು ಬರೀ 'ಪ'. ಹಾಗೆಯೇ ಇಂಗ್ಲಿಷಿನ 'ವಿ' ಮತ್ತು 'ಡಬ್ಲ್ಯು' ಎರಡಕ್ಕೂ ನಮ್ಮಲ್ಲಿರುವುದು ಒಂದೇ 'ವ'. ದನದ ಡಾಕ್ಟರ್ 'ವೆಟ್', ಒದ್ದೆಯಾದದ್ದೂ 'ವೆಟ್'.

ಇದು ದಡ್ಡತನವಲ್ಲ, ಕಿವಿಗೆ ಆದ ಅಭ್ಯಾಸ. ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಚೆನ್ನಾಗಿ ತೋರಿಸಿತು. ಇಂಗ್ಲಿಷ್ ಮನೆಗಳ ಆರರಿಂದ ಎಂಟು ತಿಂಗಳ ಕೂಸುಗಳು ಹಿಂದಿಯ 'ತ' ಮತ್ತು 'ಟ'ಗಳ ಭೇದವನ್ನು ಗುರುತಿಸಿದವು. ಹತ್ತರಿಂದ ಹನ್ನೆರಡು ತಿಂಗಳ ಹೊತ್ತಿಗೆ ಆ ಶಕ್ತಿ ಬಹುಮಟ್ಟಿಗೆ ಕುಗ್ಗಿತ್ತು. ಮನೆಮಾತಿಗೆ ಬೇಡದ ಭೇದವನ್ನು ಮಿದುಳು ಬದಿಗಿಡುತ್ತದೆ.

'ತ', 'ಟ' ಭೇದ ಮನೆಮಾತಿನಲ್ಲೇ ಇರುವುದರ ಲಾಭ ಕನ್ನಡದ ಮಕ್ಕಳಿಗೆ ಉಂಟು. ಮೂರು ಎಂಬುದನ್ನು 'ತ್ರೀ', ಮರವನ್ನು 'ಟ್ರೀ' ಎಂದು ಅವರು ತಪ್ಪದೆ ಬೇರ್ಪಡಿಸುತ್ತಾರೆ. ಉಚ್ಚಾರ ಇಂಗ್ಲಿಷರಂತೆಯೇ ಇಲ್ಲದಿದ್ದರೂ ಭೇದ ಉಳಿಯುತ್ತದೆ.

ಇನ್ನು ಕೆಲವು ಜೋಡಿಗಳು ಇಂಗ್ಲಿಷರ ಬಾಯಲ್ಲೇ ಒಂದಾಗಿವೆ. ಸಮುದ್ರವೂ 'ಸೀ', ನೋಡುವುದೂ 'ಸೀ'. ಯೋಧ 'ನೈಟ್', ರಾತ್ರಿಯೂ 'ನೈಟ್'. ಯೋಧನ ಮುಂದಿರುವ 'ಕೆ' ಅಕ್ಷರವನ್ನು ಒಂದು ಕಾಲದಲ್ಲಿ ಉಚ್ಚರಿಸುತ್ತಿದ್ದರು. ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ಇಂಗ್ಲೆಂಡಿನಲ್ಲಿ ಮುದ್ರಣಾಲಯ ತೆರೆದ ಮೇಲೆ ಕಾಗುಣಿತ ನಿಧಾನವಾಗಿ ಗಟ್ಟಿಯಾಯಿತು. ನಾಲಿಗೆ ಮಾತ್ರ ಬದಲಾಗುತ್ತಲೇ ಹೋಯಿತು. ಬರಹದಲ್ಲಿ ಹಳೆಯ ಉಚ್ಚಾರದ ಗುರುತು ಉಳಿದುಕೊಂಡಿತು.

ಕನ್ನಡವೂ ಈ ದಾರಿ ಹಿಡಿದದ್ದೇ. ಹಳಗನ್ನಡದಲ್ಲಿ 'ಬಾೞ್' ಎಂದರೆ ಬದುಕು, 'ಬಾಳ್' ಎಂದರೆ ಕತ್ತಿ. ಶಿಕಾರಿಪುರ ಸೀಮೆಯ ಬಳ್ಳಿಗಾವಿಯಂಥ ಊರುಗಳ ಹಳೆಯ ಶಾಸನಗಳನ್ನು ಓದುವವರಿಗೆ ಈಗ ಬಳಕೆಯಲ್ಲಿಲ್ಲದ ೞ, ಱ ಅಕ್ಷರಗಳು ಪರಿಚಿತ. ವಚನಕಾರ್ತಿ ಅಕ್ಕಮಹಾದೇವಿ ಬದುಕಿದ್ದ 12ನೇ ಶತಮಾನದ ಹೊತ್ತಿಗೆ ೞಕಾರ ಳಕಾರದಲ್ಲಿ ಕರಗುತ್ತಿತ್ತು. 13ನೇ ಶತಮಾನದಲ್ಲಿ ವ್ಯಾಕರಣಕಾರ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ೞಕಾರದ ಶಬ್ದಗಳನ್ನು ಪಟ್ಟಿ ಮಾಡಿಕೊಟ್ಟ. ಕಿವಿ ಬೇರ್ಪಡಿಸಲಾರದ್ದನ್ನು ಕಣ್ಣು ಕಲಿಯಬೇಕಾದ ಸಂದರ್ಭ ಅದು.

ಹಾಗಾಗಿ ಎರಡು ಬಗೆಯ ಗೊಂದಲಕ್ಕೆ ಎರಡು ಬಗೆಯ ಮದ್ದು ಬೇಕು. 'ವೆಟ್' ಜೋಡಿಯಂಥವಕ್ಕೆ ಕಿವಿಯ ತರಬೇತಿ. ಜಪಾನೀಯರಿಗೆ ಇಂಗ್ಲಿಷಿನ 'ರ' ಮತ್ತು 'ಲ'ಗಳ ಭೇದ ಕಲಿಸಿದ 1990ರ ದಶಕದ ಪ್ರಯೋಗಗಳಲ್ಲಿ, ಹಲವರ ದನಿಯಲ್ಲಿ ಪದಗಳನ್ನು ಕೇಳಿಸಿ, ಸರಿತಪ್ಪನ್ನು ಕೂಡಲೇ ತಿಳಿಸಿದಾಗ ದೊಡ್ಡವರ ಕಿವಿಯೂ ಸುಧಾರಿಸಿತು. 'ವಿ'ಗೆ ಹಲ್ಲು ತುಟಿಗೆ ತಾಗಬೇಕು, 'ಡಬ್ಲ್ಯು'ಗೆ ತುಟಿ ದುಂಡಗಾಗಬೇಕು. ಕನ್ನಡಿ ಹಿಡಿದು ನೋಡಿದರೆ ತಿಳಿಯುತ್ತದೆ.

'ಸೀ'ಯಂಥವಕ್ಕೆ ಎಷ್ಟು ಕೇಳಿದರೂ ಫಲವಿಲ್ಲ. ವಾಕ್ಯದಲ್ಲಿಟ್ಟು ಬರೆದೇ ಕಲಿಯಬೇಕು. ಅಂಗಡಿಯ ಬೋರ್ಡುಗಳಲ್ಲಿ ಆಗಾಗ ತಪ್ಪುವ 'ಸ್ಟೇಷನರಿ'ಯನ್ನೇ ನೋಡಿ: ಕಾಗದ, ಪೆನ್ನು ಮಾರುವುದಾದರೆ 'ಆರ್' ಅಕ್ಷರಕ್ಕೆ ಮೊದಲು 'ಇ' ಬರಬೇಕು, 'ಎ' ಬಂದರೆ ನಿಂತಲ್ಲೇ ನಿಂತದ್ದು ಎಂಬ ಅರ್ಥ. ಎನ್ವಲಪ್ ಶುರುವಾಗುವುದೂ 'ಇ'ಯಿಂದಲೇ ಎಂದು ನೆನಪಿಟ್ಟರೆ ಸಾಕು. ಮಗು ತಪ್ಪಿದಾಗ ಗದರುವ ಮೊದಲು, ತಪ್ಪಿದ್ದು ಕಿವಿಯೋ ಕಾಗುಣಿತವೋ ಎಂದು ಮೇಷ್ಟ್ರು, ಪೋಷಕರು ನೋಡಲಿ.