ಗುಡ್ಡದ ಮಗ್ಗುಲಿನ ಮನೆಗಳು

ಚನ್ನಗಿರಿಯ ಕೋಟೆಯ ಗುಡ್ಡವನ್ನು ನಮ್ಮ ವಾಚಕರಲ್ಲಿ ಹಲವರು ನೋಡಿರಬಹುದು. ಊರು ಅದರ ಅಡಿಯಲ್ಲಿಯೇ ಇದ್ದರೂ, ಗುಡ್ಡ ಜಾರಿ ಮನೆಯ ಮೇಲೆ ಬಿದ್ದೀತೆಂದು ಅಲ್ಲಿ ಯಾರೂ ನಿದ್ದೆಗೆಡುವುದಿಲ್ಲ. ಹೊನ್ನಾಳಿ, ನ್ಯಾಮತಿಗಳ ಕಡೆ ಮಳೆಗಾಲದ ಭಯವೆಂದರೆ ತುಂಗಭದ್ರೆಯ ನೆರೆ. ಜಗಳೂರಿನವರಿಗಾದರೋ ಮಳೆ ಬಾರದಿರುವುದೇ ಭಯ. ಆದರೆ ಇದೇ ನಾಡಿನ ಮಡಿಕೇರಿಯಲ್ಲಿ ಇಂದಿರಾನಗರ, ಚಾಮುಂಡೇಶ್ವರಿನಗರ ಮೊದಲಾದ ಇಳಿಜಾರಿನ ಬಡಾವಣೆಗಳಿಗೆ ಮಳೆ ಜೋರಾದ ರಾತ್ರಿಯೆಂದರೆ ಜಾಗರಣೆಯ ರಾತ್ರಿ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಹಲವೆಡೆ ಜರಿದಾಗ ಈ ಕೇರಿಗಳಲ್ಲಿಯೂ ಮನೆಗಳು ಉರುಳಿದವು. ಒಂದು ಗುಡ್ಡ ನಿಲ್ಲುವುದೇಕೆ, ಇನ್ನೊಂದು ಜಾರುವುದೇಕೆ? ಜಾರದಂತೆ ತಡೆಯಲು ಅಲ್ಲಿ ವಾಸಿಸುವವರಿಂದ ಏನಾದರೂ ಆದೀತೆ? ಇದನ್ನು ಸ್ವಲ್ಪ ವಿಚಾರಿಸೋಣ.

ಇಳಿಜಾರಿನ ಮಣ್ಣನ್ನು ಭೂಮಿಯ ಆಕರ್ಷಣೆ ಸದಾ ಕೆಳಕ್ಕೆ ಎಳೆಯುತ್ತಿರುತ್ತದೆ. ಕಣಗಳ ನಡುವಣ ಘರ್ಷಣೆಯೂ ಮಣ್ಣಿನ ಅಂಟೂ ಮರಗಿಡಗಳ ಬೇರುಗಳೂ ಅದನ್ನು ಹಿಡಿದಿಡುತ್ತವೆ. ಮಕ್ಕಳು ಮರಳಿನಲ್ಲಿ ಗುಬ್ಬಿಗೂಡು ಕಟ್ಟುವುದನ್ನು ನೋಡಿದ್ದೇವಷ್ಟೆ. ಒಣಮರಳು ನಿಲ್ಲದು, ತುಸು ತೇವದ ಮರಳು ಚೆನ್ನಾಗಿ ನಿಲ್ಲುತ್ತದೆ, ಅದರ ಮೇಲೆ ಒಂದು ಕೊಡ ನೀರು ಸುರಿದರೆ ಕೂಡಲೇ ಕುಸಿಯುತ್ತದೆ. ಗುಡ್ಡದಲ್ಲಿ ನಡೆಯುವುದೂ ಇದೇ. ಸಂದುಗಳಲ್ಲಿ ನೀರು ತುಂಬಿದಾಗ ಅದರ ಒತ್ತಡ ಕಣಗಳನ್ನು ಒಂದರಿಂದೊಂದು ಬೇರ್ಪಡಿಸಲು ತೊಡಗುತ್ತದೆ. ಆಗ ಘರ್ಷಣೆ ಕುಗ್ಗುತ್ತದೆ. ಮೇಲಾಗಿ ನೀರಿನ ಭಾರವೂ ಸೇರಿಕೊಳ್ಳುತ್ತದೆ. ಕೊಡಗಿನಲ್ಲಿ ಶಿಲೆಯ ಮೇಲೆ ಶಿಥಿಲವಾದ ಮಣ್ಣಿನ ದಪ್ಪ ಹೊದಿಕೆಯಿದೆ, ಮಳೆಯೂ ಅಪಾರ. ಚನ್ನಗಿರಿಯ ಕಡೆ ಬೀಳುವ ಮಳೆ ಅದರ ಒಂದು ಸಣ್ಣ ಪಾಲು ಮಾತ್ರ.

ಇಷ್ಟೇ ಆಗಿದ್ದರೆ ಇದು ಕೇವಲ ಪ್ರಕೃತಿಯ ವ್ಯಾಪಾರವೆಂದು ಸುಮ್ಮನಿರಬಹುದಾಗಿತ್ತು. ಆದರೆ ಮನುಷ್ಯನ ಕೈವಾಡವೂ ಉಂಟು. ಸಮನೆಲಕ್ಕೆ ಬೆಲೆ ತೆರಲಾರದವರು ಗುಡ್ಡದ ಮಗ್ಗುಲನ್ನು ಕಡಿದು, ಆ ಬರೆಯ ಬುಡದಲ್ಲಿ ಮನೆ ಕಟ್ಟುತ್ತಾರೆ. ಬುಡ ಕಡಿದೊಡನೆ ಮೇಲಿನ ಮಣ್ಣಿಗೆ ಆಸರೆ ತಪ್ಪುತ್ತದೆ. (ರಸ್ತೆ ಮಾಡುವವರೂ ಪ್ರವಾಸಿಗರ ತಂಗುಮನೆ ಕಟ್ಟುವವರೂ ಯಂತ್ರ ತಂದು ಇನ್ನೂ ಆಳವಾಗಿ ಕಡಿಯುತ್ತಾರೆ; ಬಡವರನ್ನು ಮಾತ್ರ ದೂರುವುದು ನ್ಯಾಯವಲ್ಲ.) ಇನ್ನು ನೀರಿನ ಲೆಕ್ಕವನ್ನು ನೋಡೋಣ. ಒಂದು ಚದರ ಮೀಟರಿನ ಮೇಲೆ 1 ಮಿಲಿಮೀಟರು ಮಳೆ ಬಿದ್ದರೆ 1 ಲೀಟರು ನೀರಾಗುತ್ತದೆ. 30 ಚದರ ಮೀಟರಿನ ಮಾಡಿನ ಮೇಲೆ ಒಂದು ದಿನದಲ್ಲಿ 100 ಮಿಲಿಮೀಟರು ಮಳೆ ಸುರಿದರೆ 3,000 ಲೀಟರು. ಅಂಥ 20 ಮನೆಗಳಿಂದ 60,000 ಲೀಟರು. ಕಾಲುವೆಯಿಲ್ಲದ ಕೇರಿಯಲ್ಲಿ ಇಷ್ಟೂ ನೀರು, ಬಚ್ಚಲಿನ ನೀರಿನೊಡನೆ, ಕೆಳಮನೆಯ ಹಿಂದಣ ಬರೆಗೇ ಇಳಿಯುತ್ತದೆ.

ಹೀಗಿರುವುದರಿಂದ ಆ ನೀರಿಗೆ ದಾರಿ ಮಾಡಿಕೊಟ್ಟರೆ ಅಪಾಯ ತಗ್ಗಬೇಕು. ಕೆರಿಬಿಯನ್ ಸಮುದ್ರದ ಸೇಂಟ್ ಲೂಸಿಯಾ ದ್ವೀಪದಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು 2004ರಿಂದ ಇದನ್ನೇ ಮಾಡಿ ನೋಡಿದರು. ಅವರು ಮೊದಲು ಕೇರಿಯವರನ್ನು ಜೊತೆಗಿಟ್ಟುಕೊಂಡು ಗುಡ್ಡವನ್ನು ಸುತ್ತಿದರು. ಮಳೆಯಲ್ಲಿ ನೀರು ಎಲ್ಲಿ ಹರಿಯುತ್ತದೆ, ಎಲ್ಲಿ ಒಸರುತ್ತದೆ, ಯಾವ ಗೋಡೆ ಬಿರಿದಿದೆ ಎಂಬುದು ದೂರದ ಇಂಜಿನಿಯರಿಗೆ ತಿಳಿಯದು. ಅಲ್ಲಿನ ಗೃಹಿಣಿಗೆ ತಿಳಿದಿರುತ್ತದೆ. ಈ ತಿಳಿವಳಿಕೆಯಿಂದ ನಕ್ಷೆ ಬರೆದು, ಇಳಿಜಾರಿಗೆ ಅಡ್ಡವಾಗಿ ಕಾಲುವೆ ತೋಡಿ, ಮಾಡಿನ ನೀರನ್ನು ದೋಣಿಗಳಿಂದ ಅದಕ್ಕೆ ಇಳಿಸಿದರು. ಕೂಲಿಯ ಕೆಲಸವೂ ಕೇರಿಯವರಿಗೇ ದೊರೆಯಿತು. 2010ರ ಅಕ್ಟೋಬರಿನ ಕೊನೆಯಲ್ಲಿ ಟೋಮಸ್ ಎಂಬ ಚಂಡಮಾರುತ ಬಡಿದು ದ್ವೀಪದಲ್ಲಿ ಹಲವೆಡೆ ಗುಡ್ಡಗಳು ಜಾರಿದಾಗ, ಕಾಲುವೆ ತೋಡಿದ ಇಳಿಜಾರುಗಳು ನಿಂತವು.

ನಮ್ಮಲ್ಲಿ ಪ್ರತಿ ಮಳೆಗಾಲದಲ್ಲಿಯೂ ಇಂಥ ಬಡಾವಣೆಗಳವರಿಗೆ ಮನೆ ಬಿಟ್ಟು ಕಾಳಜಿ ಕೇಂದ್ರಕ್ಕೆ ಹೋಗಿರೆಂದು ನೋಟೀಸು ಬರುತ್ತದೆ. ಅದು ಅವಶ್ಯವೇ. ಆದರೆ ಹಕ್ಕುಪತ್ರವಿಲ್ಲದವನು ಗೋಡೆಯ ಬಿರುಕನ್ನು ತೋರಿಸಲು ಅಂಜುತ್ತಾನೆ. ತೋರಿಸಿದರೆ ಎಲ್ಲಿ ಶಾಶ್ವತವಾಗಿ ಒಕ್ಕಲೆಬ್ಬಿಸುವರೋ ಎಂಬ ಶಂಕೆ. ಬಿರುಕನ್ನು ಮುಚ್ಚಿಟ್ಟ ಮನೆಯ ವಿಷಯದಲ್ಲಿ ಯಾವ ವಿಜ್ಞಾನಿಯೂ ಏನೂ ಮಾಡಲಾರನು. ಈ ಅಂಜಿಕೆಯನ್ನು ಕಳೆಯುವುದೇ ಮೊದಲನೆಯ ಕೆಲಸವೆಂದು ನಮಗೆ ತೋರುತ್ತದೆ.

ಕಾಲುವೆಯಿಂದ ಎಲ್ಲವೂ ಸಾಧ್ಯವೆಂದೂ ತಿಳಿಯಬಾರದು. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳನ್ನು ಕೊಚ್ಚಿಕೊಂಡು ಹೋದಂಥ ಮಣ್ಣಿನ ಪ್ರವಾಹದ ಮುಂದೆ ಕೇರಿಯ ಕಾಲುವೆ ನಿಲ್ಲದು. ಅಲ್ಲಿ ಜನ ಮುಂಚಿತವಾಗಿ ಏಳಬೇಕು. ಅದಕ್ಕೆ ಬೇಕಾದುದು ಮಳೆಯ ಅಳತೆ. ಕಲ್ಪೆಟ್ಟದ ಹ್ಯೂಮ್ ಕೇಂದ್ರದವರು ಊರವರೇ ಓದುವ ಮಳೆಮಾಪಕಗಳನ್ನು ಆ ಜಿಲ್ಲೆಯಲ್ಲಿ ಹರಡಿದ್ದರು. ಆ ಅಂಕಿಗಳನ್ನು ನೋಡಿ ಹಿಂದಿನ ದಿನವೇ ಎಚ್ಚರಿಕೆ ಕಳುಹಿಸಿದ್ದರು.

ಮಳೆಮಾಪಕ ದೊಡ್ಡ ಯಂತ್ರವೇನಲ್ಲ. ಬಾಯಿಂದ ತಳದವರೆಗೆ ಒಂದೇ ಅಗಲವಿರುವ ಡಬ್ಬಿಯನ್ನು ಮರ, ಸೂರುಗಳಿಂದ ದೂರ ಬಯಲಿನಲ್ಲಿ ನೆಟ್ಟಗೆ ಇಟ್ಟು, ದಿನವೂ ಬೆಳಿಗ್ಗೆ 8-30ಕ್ಕೆ ನೀರಿನ ಎತ್ತರವನ್ನು ಅಳತೆಪಟ್ಟಿಯಿಂದ ನೋಡಿ ಬರೆದುಕೊಂಡು, ಡಬ್ಬಿಯನ್ನು ಬರಿದು ಮಾಡಿದರಾಯಿತು. ಡಬ್ಬಿ ಅಗಲವಿದ್ದರೂ ಕಿರಿದಾಗಿದ್ದರೂ ಎತ್ತರ ಒಂದೇ ಬರುತ್ತದೆ. ಏಕೆಂಬುದನ್ನು ವಾಚಕರು ಮೇಲಿನ ಮಾಡಿನ ಲೆಕ್ಕದಿಂದ ತಾವೇ ಸಾಧಿಸಬಹುದು.