ಕುರಿರೊಪ್ಪದ ಕ್ಯಾಮೆರಾ ಸಂತೆಯಲ್ಲಿ ಯಾಕೆ ಕಾಣಲಿಲ್ಲ?

ಕುರಿ ಕಳವಿನ ಭಯಕ್ಕೆ ಮನೆ ಹಿಂದಿನ ರೊಪ್ಪಕ್ಕೆ ಕ್ಯಾಮೆರಾ ಹಾಕಿಸಿದೆ. ಹಾಕಿದ ಹುಡುಗ ಮನೆ ವೈಫೈಯಲ್ಲಿ ನನ್ನ ಫೋನಿಗೆ 192.168.1.20 ಅಂತ ಒತ್ತಿದ. ಕುರಿ ಕಂಡವು. ಮಾರನೇ ದಿನ ಸಂತೆಯಲ್ಲಿ ಅದೇ ಅಂಕಿ ಒತ್ತಿದರೆ ಏನೂ ಇಲ್ಲ! ಆ ರಾತ್ರಿ ಮಗಳ ಊರಲ್ಲಿ ಉಳಿದವನಿಗೆ ನಿದ್ದೆ ಹತ್ತಲಿಲ್ಲ.

ಕೇಳಿ ತಿಳಿದದ್ದು ಇಷ್ಟು. 192.168ರಿಂದ ಶುರುವಾಗುವುದು ಮನೆಯೊಳಗಿನ ಐಪಿ ವಿಳಾಸ. ‘ದೊಡ್ಡಪ್ಪ’ ಅಂದಹಾಗೆ. ಮನೆಮನೆಯಲ್ಲೂ ಒಬ್ಬ ದೊಡ್ಡಪ್ಪ ಇರ್ತಾನೆ. ಸಂತೆಯಲ್ಲಿ ನಿಂತು ಕೂಗಿದರೆ ಯಾರು ಓಗೊಡಬೇಕು? 10ರಿಂದ ಶುರುವಾಗುವವೂ, 172.16ರಿಂದ 172.31ರವರೆಗಿನವೂ ಇದೇ ಜಾತಿ.

ಹೊರಗಿನವರಿಗೆ ಕಾಣುವುದು ಇಂಟರ್ನೆಟ್ ಕಂಪನಿ ಕೊಡುವ ಬೇರೆ ವಿಳಾಸ. ಮನೆಯವರು ಕೇಳಿದ್ದಕ್ಕೆ ಬಂದ ಉತ್ತರವನ್ನು ರೂಟರು ಒಳಗೆ ಹಂಚುತ್ತೆ. ತಾನಾಗಿ ಬಂದವರನ್ನು ಬಾಗಿಲಲ್ಲೇ ನಿಲ್ಲಿಸುತ್ತೆ.

ಈ ಹಳೇ ನಮೂನೆಯ ವಿಳಾಸ ಜಗತ್ತಿಗೆಲ್ಲ ಸುಮಾರು 430 ಕೋಟಿ ಮಾತ್ರ. ಸಾಲದ್ದಕ್ಕೆ ಕೆಲವು ಕಂಪನಿಗಳು ಹತ್ತಾರು ಮನೆಗೆ ಒಂದೇ ಹೊರವಿಳಾಸ ಕೊಡ್ತವೆ. ರೂಟರಿನಲ್ಲಿ ಹೊರಗಿನ ವಿಳಾಸ ಅಂತ 100.64ರಿಂದ 100.127ರೊಳಗಿನ ಅಂಕಿ ಕಂಡರೆ ನಿಮ್ಮದೂ ಹಾಗೇ. ನನ್ನದೂ ಅದೇ. ಅಂಥಲ್ಲಿ ರೂಟರಿನಲ್ಲಿ ‘ಪೋರ್ಟ್’ ತೆಗೆಸಿ ದುಡ್ಡು ಕಳೆಯಬೇಡಿ, ಹೊರಗಿಂದ ಯಾವುದೂ ತಲುಪದು.

ಈಗ ಕ್ಯಾಮೆರಾದ ಆಪ್ ಹಾಕಿದ್ದೇನೆ. ಕ್ಯಾಮೆರಾನೇ ಒಳಗಿಂದ ಹೊರಟು ಕಂಪನಿ ಕಂಪ್ಯೂಟರನ್ನು ಮುಟ್ಟುತ್ತೆ. ನಾನು ಅದರ ಮೂಲಕ ನೋಡ್ತೀನಿ. ಡಬ್ಬದಲ್ಲಿ ಬರೆದು ಬಂದ ಪಾಸ್‌ವರ್ಡ್ ಇದ್ದರೆ ಮೊದಲ ದಿನವೇ ಬದಲಿಸಿ. ನಮ್ಮ ಹುಡುಗ ಅದನ್ನು ಹಾಗೇ ಬಿಟ್ಟು ಹೋಗಿದ್ದ.