ಸೋಡಾದವರು ಬಿಟ್ಟ ಕೆಗ್

ಅಮೆರಿಕದಲ್ಲಿ ಮನೆಯಲ್ಲೇ ಬಿಯರ್ ಮಾಡಿಕೊಳ್ಳುವ ಹವ್ಯಾಸಿಗಳ ಸಾಮಾನಿನಲ್ಲಿ ನನಗೆ ಅತ್ಯಂತ ಚೆಂದ ಕಾಣುವುದು ಬಿಯರಿಗೆಂದು ಹುಟ್ಟಿದ್ದೇ ಅಲ್ಲ. ಎರಡಡಿ ಎತ್ತರ, ಗೇಣಗಲದ ಸ್ಟೀಲ್ ಪಾತ್ರೆ, ಬುಡಕ್ಕೂ ತಲೆಗೂ ಕಪ್ಪು ರಬ್ಬರಿನ ಕವಚ. ಹಿಡಿಸುವುದು 5 ಗ್ಯಾಲನ್, ಅಂದರೆ ಸುಮಾರು 19 ಲೀಟರ್. ಹೆಸರು ಕಾರ್ನೀಲಿಯಸ್ ಕೆಗ್, ಮುದ್ದಿಗೆ ‘ಕಾರ್ನಿ’. ಮಿನೆಸೋಟಾದ ಕಾರ್ನೀಲಿಯಸ್ ಕಂಪನಿಯ ಈ ಪಾತ್ರೆಗಳಲ್ಲಿ ಹೋಟೆಲುಗಳಿಗೆ ಹೋಗುತ್ತಿದ್ದದ್ದು ಪೆಪ್ಸಿ ಮತ್ತು ಕೋಕಾ ಕೋಲಾಗಳ ಸಿಹಿ ಪಾಕ. ಆಮೇಲೆ ರಟ್ಟಿನ ಪೆಟ್ಟಿಗೆಯೊಳಗೆ ಪ್ಲಾಸ್ಟಿಕ್ ಚೀಲವಿಟ್ಟು ಪಾಕ ತುಂಬುವ ಪದ್ಧತಿ ಬಂತು. ತೊಳೆಯುವ, ವಾಪಸ್ ಸಾಗಿಸುವ ರಗಳೆ ತಪ್ಪಿತು, ಸ್ಟೀಲ್ ಕೆಗ್‌ಗಳು ರಾಶಿರಾಶಿಯಾಗಿ ಗುಜರಿ ಸೇರಿದವು.

ಅಷ್ಟರಲ್ಲಿ ಅವುಗಳಿಗೆ ಗಿರಾಕಿ ತಯಾರಾಗಿದ್ದ. ಮನೆಯಲ್ಲಿ ಬಿಯರ್ ಮಾಡುವುದನ್ನು ಕಾನೂನುಬದ್ಧಗೊಳಿಸಿದ ಮಸೂದೆಗೆ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ್ದು 1978ರ ಅಕ್ಟೋಬರಿನಲ್ಲಿ. ವಯಸ್ಕರೊಬ್ಬರಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚಿದ್ದರೆ 200 ಗ್ಯಾಲನ್, ಮಾರುವಂತಿಲ್ಲ. ಅಲಬಾಮಾ ಮತ್ತು ಮಿಸಿಸಿಪಿ ರಾಜ್ಯಗಳು ಮಾತ್ರ 2013ರ ತನಕ ಒಪ್ಪಲಿಲ್ಲ. (ನಮ್ಮಲ್ಲಿ ಈ ಸಡಿಲಿಕೆ ಇಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಬಿಯರ್ ತಯಾರಿಸುವಂತಿಲ್ಲ. ಆದ್ದರಿಂದ ಮುಂದಿನ ಮಾತು ಕಾನೂನು ಬಿಡುವ ಊರುಗಳಲ್ಲಿರುವ ಕನ್ನಡಿಗರಿಗೆ. ಉಳಿದವರು ಯಂತ್ರದ ಕುತೂಹಲಕ್ಕೆ ಓದಿಕೊಳ್ಳಬಹುದು.)

ಕೆಗ್ ಯಾಕೆ ಬೇಕು ಎಂಬುದನ್ನು ಬಾಟಲಿ ತೊಳೆದವರಿಗೆ ವಿವರಿಸಬೇಕಾಗಿಲ್ಲ. 19 ಲೀಟರ್ ಬಿಯರಿಗೆ 355 ಮಿಲಿಯ ಬಾಟಲಿ ಐವತ್ತಕ್ಕೂ ಹೆಚ್ಚು ಬೇಕು. ಒಂದೊಂದನ್ನೂ ತೊಳೆದು, ಸೋಂಕು ಕಳೆದು, ಬಿಯರ್ ತುಂಬಿ, ಬಿರಡೆ ಒತ್ತಿ, ನೊರೆ ಕಟ್ಟಲು ಎರಡು ವಾರ ಕಾಯಬೇಕು. ಕೆಗ್ ಆದರೆ ತೊಳೆಯುವುದು ಒಂದೇ ಪಾತ್ರೆ.

ಅದರ ಜಾಣತನವೆಲ್ಲ ಮುಚ್ಚಳದಲ್ಲಿದೆ. ಬಾಯಿ ಗುಂಡಗಿಲ್ಲ, ಮೊಟ್ಟೆಯಾಕಾರ. ಮುಚ್ಚಳವೂ ಹಾಗೆಯೇ, ಆದರೆ ಬಾಯಿಗಿಂತ ತುಸು ದೊಡ್ಡದು. ಓರೆ ಮಾಡಿ ಒಳಗಿಳಿಸಿ, ತಿರುಗಿಸಿ, ಒಳಗಿನಿಂದ ಮೇಲಕ್ಕೆಳೆದು ಕೂರಿಸಬೇಕು. ಹಾಕಿನ್ಸ್ ಕುಕ್ಕರಿನ ಮುಚ್ಚಳ ಹಾಕಿದ ಕೈಗೆ ಇದನ್ನು ಹೇಳಿಕೊಡಬೇಕಿಲ್ಲ. ಒಳಗಿನ ಒತ್ತಡ ಏರಿದಷ್ಟೂ ಮುಚ್ಚಳ ಅಂಚಿಗೆ ಬಿಗಿಯಾಗಿ ಒತ್ತಿಕೊಳ್ಳುತ್ತದೆ. ಒತ್ತಡ ಇರುವಷ್ಟು ಹೊತ್ತು ನೀವೇ ಎಳೆದಾಡಿದರೂ ಬಿಚ್ಚದು. ಮೇಲಿನ ತಂತಿಯ ಹಿಡಿ ಇರುವುದು ಒತ್ತಡವಿಲ್ಲದಾಗ ಮುಚ್ಚಳ ಜಾರದಿರಲಿ ಎಂದಷ್ಟೆ. ಹಳೆಯ ಕೆಗ್ ಮೊದಲಿಗೆ ಸೋರಿದರೆ ಗಾಬರಿ ಬೇಡ. ಕ್ಷಣಕಾಲ 30 ಪಿಎಸ್‌ಐ ಒತ್ತಡ ಕೊಟ್ಟರೆ ರಬ್ಬರ್ ಉಂಗುರ ತನ್ನ ಜಾಗದಲ್ಲಿ ಕೂರುತ್ತದೆ.

ತಲೆಯ ಮೇಲೆ ಎರಡು ಮೂತಿಗಳಿವೆ. ಒಂದು ಅನಿಲ ಒಳಹೋಗಲು, ಅದರ ಕೆಳಗೆ ಗಿಡ್ಡ ಕೊಳವೆ. ಇನ್ನೊಂದು ಬಿಯರ್ ಹೊರಬರಲು, ಅದರ ಕೊಳವೆ ತಳದವರೆಗೆ ಇಳಿದಿರುತ್ತದೆ. ಮೇಲಿಂದ ಅನಿಲ ಒತ್ತುತ್ತದೆ, ತಳದಿಂದ ಬಿಯರ್ ಏರುತ್ತದೆ. ಪಂಪ್ ಇಲ್ಲ, ಕರೆಂಟ್ ಇಲ್ಲ. ಪೆಪ್ಸಿಯವರ ಕೆಗ್‌ಗೆ ‘ಬಾಲ್ ಲಾಕ್’ ಮೂತಿ, ಕೋಕಿನವರದಕ್ಕೆ ‘ಪಿನ್ ಲಾಕ್’. ಒಂದರ ಜೋಡಣೆ ಇನ್ನೊಂದಕ್ಕೆ ಕೂರುವುದಿಲ್ಲ. ಪಿನ್ ಲಾಕ್ ಎಷ್ಟೋ ಸಲ ಅಗ್ಗಕ್ಕೆ ಸಿಗುತ್ತದೆ, ಆದರೆ ಬಿಡಿಭಾಗ ಹುಡುಕುವ ಕಷ್ಟ ನೋಡಿದರೆ ನನ್ನ ಮತ ಬಾಲ್ ಲಾಕ್‌ಗೇ. ಯಾವುದನ್ನು ಕೊಂಡರೂ ಬೆರಕೆ ಮಾಡಬೇಡಿ.

ಕೊಳ್ಳುವಾಗ ಉಳಿತಾಯ ಮಾಡಬೇಕಾದದ್ದು ಸ್ಟೀಲಿನಲ್ಲಿ. ತಗ್ಗು ಬಿದ್ದಿರಲಿ, ಗೀರಾಗಿರಲಿ, ರಬ್ಬರ್ ಕವಚದ ಮೇಲೆ ಇಪ್ಪತ್ತು ವರ್ಷ ಹಿಂದಿನ ಚೀಟಿ ಅಂಟಿರಲಿ, ಬಿಯರಿಗೇನೂ ಆಗದು. ಒಳಗೆ ತುಕ್ಕಿನ ಗುಳಿಗಳಿದ್ದರೆ ಮಾತ್ರ ಬೇಡ. ಒಂದು ಕಾಲಕ್ಕೆ 20–30 ಡಾಲರಿಗೆ ಸಿಗುತ್ತಿದ್ದ ಹಳೆ ಕೆಗ್‌ಗಳಿಗೆ ಈಗ ಬೆಲೆ ಏರಿದೆ, ನಿಜ. ಹಾಗೆಂದು ಹೊಸದೇ ಬೇಕೆಂದಿಲ್ಲ. ಆದರೆ ಹಳೆಯದನ್ನು ತಂದ ದಿನವೇ ಅದರ ಐದು ರಬ್ಬರ್ ಉಂಗುರಗಳನ್ನು ಬದಲಿಸಿಬಿಡಿ: ಮುಚ್ಚಳಕ್ಕೊಂದು, ಮೂತಿಗಳ ಹೊರಗೆ ಎರಡು, ಒಳಗಿನ ಕೊಳವೆಗಳಿಗೆ ಎರಡು. ಸ್ಟೀಲನ್ನು ಎಷ್ಟು ತಿಕ್ಕಿದರೂ ಹೋಗದ ಕೋಲಾದ ವಾಸನೆ ಅಡಗಿರುವುದು ರಬ್ಬರಿನೊಳಗೆ. ಪುಡಿಗಾಸಿನ ಉಂಗುರ ಉಳಿಸಿಕೊಂಡವರ ಬಿಯರ್ ಸೋಡಾ ಅಂಗಡಿಯಂತೆ ನಾರುತ್ತದೆ.

ದುಡ್ಡು ಸುರಿಯಬೇಕಾದದ್ದು ರೆಗ್ಯುಲೇಟರಿಗೆ. ಸಿಲಿಂಡರಿನೊಳಗೆ ಇಂಗಾಲದ ಡೈಆಕ್ಸೈಡ್ ದ್ರವವಾಗಿದ್ದು, 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ಒತ್ತಡ ವಾತಾವರಣದ ಸುಮಾರು 57 ಪಟ್ಟು ಇರುತ್ತದೆ. ಕೆಗ್‌ಗೆ ಬೇಕಾದದ್ದು ಒಂದು ಪಟ್ಟಿಗೂ ಕಡಿಮೆ. ಈ ಅಂತರವನ್ನು ದಿನಗಟ್ಟಲೆ ಅಲುಗದೆ ಹಿಡಿದಿಡುವ ಸಾಧನ ಅಗ್ಗದ್ದಾದರೆ ಒತ್ತಡ ರಾತ್ರೋರಾತ್ರಿ ತಾನಾಗಿ ಏರುತ್ತ ಹೋಗುತ್ತದೆ. ಸಿಲಿಂಡರ್ ಕಡೆಯ ಮುಳ್ಳನ್ನು ನಂಬಿಕೊಂಡೂ ಕೂರಬೇಡಿ. ಹನಿ ದ್ರವ ಉಳಿದಿರುವ ತನಕ ಅದು ತುಂಬಿದಂತೆಯೇ ತೋರಿಸಿ, ದ್ರವ ಮುಗಿದೊಡನೆ ಧಡಕ್ಕನೆ ಕುಸಿಯುತ್ತದೆ. ಎಷ್ಟು ಉಳಿದಿದೆಯೆಂದು ತಿಳಿಯಲು ತೂಕ ಮಾಡಬೇಕು.

ಬಿಯರಿನಲ್ಲಿ ಅನಿಲ ಕರಗುವ ಲೆಕ್ಕ ಇಂಗ್ಲೆಂಡಿನದು. 1760ರ ದಶಕದ ಕೊನೆಗೆ ಲೀಡ್ಸ್‌ನಲ್ಲಿ ಬ್ರೂವರಿಯೊಂದರ ಪಕ್ಕದಲ್ಲೇ ಮನೆ ಮಾಡಿದ್ದ ಜೋಸೆಫ್ ಪ್ರೀಸ್ಟ್ಲಿ, ಹುದುಗುವ ತೊಟ್ಟಿಗಳ ಮೇಲೆ ನಿಲ್ಲುವ ಅನಿಲವನ್ನು ನೀರಿಗೆ ಬೆರೆಸಿ ನೋಡಿದ. 1772ರಲ್ಲಿ ಸೋಡಾ ನೀರು ಮಾಡುವ ವಿಧಾನವನ್ನು ಅಚ್ಚು ಹಾಕಿಸಿದ. ಒತ್ತಡ ಹೆಚ್ಚಿದಷ್ಟೇ ಪ್ರಮಾಣದಲ್ಲಿ ಕರಗುವಿಕೆಯೂ ಹೆಚ್ಚುತ್ತದೆಂಬ ನಿಯಮವನ್ನು 1803ರಲ್ಲಿ ಮಂಡಿಸಿದವನು ಮ್ಯಾಂಚೆಸ್ಟರಿನ ವಿಲಿಯಂ ಹೆನ್ರಿ. ತಣ್ಣಗಾದಷ್ಟೂ ಅನಿಲ ಹೆಚ್ಚು ಕರಗುತ್ತದೆ. 3 ಡಿಗ್ರಿಯಲ್ಲಿ 11–12 ಪಿಎಸ್‌ಐ ಇಟ್ಟು ವಾರವೋ ಎರಡು ವಾರವೋ ಸುಮ್ಮನಿದ್ದರೆ ಲೀಟರಿಗೆ ಸುಮಾರು 5 ಗ್ರಾಂ ಅನಿಲ ಸೇರಿ ಸಾಮಾನ್ಯ ಬಿಯರಿನ ಹದ ಬರುತ್ತದೆ. ಒತ್ತಡ ಏರಿಸಿ ಕೆಗ್ಗನ್ನು ಮಡಿಲ ಮೇಲೆ ಉರುಳಾಡಿಸಿ ಅದೇ ಸಂಜೆ ಕುಡಿಯುವವರೂ ಇದ್ದಾರೆ. ಅವರ ಬಿಯರ್ ಒಂದು ದಿನ ನೊರೆಯ ಗುಡ್ಡ, ಮರುದಿನ ಸಪ್ಪೆ.

ಖರ್ಚು ಕೂಡಿಸೋಣ. 19 ಲೀಟರಿಗೆ ಬೇಕಾದ 90 ಚಿಲ್ಲರೆ ಗ್ರಾಂ ಅನಿಲದಲ್ಲಿ ಮೂರನೇ ಒಂದು ಭಾಗವನ್ನು ಯೀಸ್ಟ್ ಹುದುಗುವಾಗಲೇ ಕೊಟ್ಟಿರುತ್ತದೆ. ಉಳಿದದ್ದು 60 ಗ್ರಾಂ. ಬಿಯರನ್ನು ಹೊರದೂಡಲು ಇನ್ನೂ ಅಷ್ಟೇ ಬೇಕು. 5 ಪೌಂಡಿನ, ಅಂದರೆ 2.3 ಕಿಲೋ ಅನಿಲದ ಸಿಲಿಂಡರ್ ಲೆಕ್ಕದ ಪ್ರಕಾರ ಹದಿನೈದು ಕೆಗ್ ದಾಟಬೇಕು. ದಾಟದಿದ್ದರೆ ಎಲ್ಲೋ ಸೋರುತ್ತಿದೆ. ಸೋಪಿನ ನೀರು ಚಿಮುಕಿಸಿ ಗುಳ್ಳೆ ಹುಡುಕಬೇಕು. ಅದೇ ಕೈಯಳತೆಯ 16 ಗ್ರಾಂ ಅನಿಲದ ಗುಂಡುಗಳನ್ನು ನಂಬಿದರೆ ಕೆಗ್ಗಿಗೆ ಎಂಟಾದರೂ ಬೇಕು. ಮೊದಲ ದಿನ ಅಗ್ಗವೆನಿಸುವ ಈ ಗುಂಡುಗಳು ಪಿಕ್ನಿಕ್ಕಿಗೆ ಸರಿ, ದಿನಬಳಕೆಗಲ್ಲ. ಇನ್ನೂ ಉಳಿಸಬೇಕೆನ್ನುವವರು ಕೆಗ್‌ಗೇ 100 ಗ್ರಾಂ ಆಸುಪಾಸು ಸಕ್ಕರೆ ಕದಡಿ ಹಾಕಿ, ಬೆಚ್ಚಗಿನ ಜಾಗದಲ್ಲಿಟ್ಟು ಯೀಸ್ಟಿನ ಕೈಯಲ್ಲೇ ಅನಿಲ ಮಾಡಿಸಿಕೊಳ್ಳಬಹುದು. ಮೊದಲ ಲೋಟದಲ್ಲಿ ಮಡ್ಡಿ ಬರುತ್ತದೆ, ಚೆಲ್ಲಿದರಾಯಿತು.

ನಲ್ಲಿಗೆ ಹೆಚ್ಚು ಖರ್ಚು ಬೇಡ. ಹೆಬ್ಬೆರಳಲ್ಲಿ ಒತ್ತುವ ಪ್ಲಾಸ್ಟಿಕ್ ನಲ್ಲಿ ಸಾಕು. ನೊರೆಯೇ ಬರುತ್ತಿದೆ ಎಂದು ದೂರುವವರು ಬೈಯಬೇಕಾದದ್ದು ನಲ್ಲಿಯನ್ನಲ್ಲ, ಪೈಪನ್ನು. ಕೆಗ್ಗಿನ ಒತ್ತಡವೆಲ್ಲ ಲೋಟ ತಲುಪುವ ಮುಂಚೆ ಪೈಪಿನ ಗೋಡೆಯ ತಿಕ್ಕಾಟದಲ್ಲಿ ಕರಗಬೇಕು. ಎರಡಡಿ ಪೈಪಾದರೆ ಆ ಒತ್ತಡ ನಲ್ಲಿಯ ಬಾಯಲ್ಲಿ ಒಮ್ಮೆಲೇ ಕಳಚಿ, ಕರಗಿದ್ದ ಅನಿಲ ಸಿಡಿದು ನೊರೆಯಾಗುತ್ತದೆ. ಒಳಗಿನ ಅಗಲ 4.8 ಮಿಲಿಮೀಟರ್ ಇರುವ ಪೈಪನ್ನು ಹತ್ತಡಿ ಕೊಂಡು ಸುರುಳಿ ಸುತ್ತಿ ಕೆಗ್ಗಿನ ಪಕ್ಕದಲ್ಲೇ ತಣ್ಣಗಿಡಿ. ಪೈಪಿನ ದುಡ್ಡು ಉಳಿಸಲು ಒತ್ತಡ ಇಳಿಸಿದರೆ ವಾರದೊಳಗೆ ಕೆಗ್ ಪೂರ್ತಿ ಸಪ್ಪೆ.

ಬಾರ್‌ಗಳಲ್ಲಿ ಕಾಣುವ ದೊಡ್ಡ ಕೆಗ್‌ಗಳ ಆಸೆ ಬಿಡಿ. ಅವು ಬ್ರೂವರಿಗಳ ಆಸ್ತಿ, ಡಿಪಾಸಿಟ್ ಕಟ್ಟಿದ ಮಾತ್ರಕ್ಕೆ ನಿಮ್ಮವಾಗುವುದಿಲ್ಲ. ಬಾಯಿ ಬಿಚ್ಚಿ ತೊಳೆಯುವುದೂ ಕಷ್ಟ. ಬ್ರಿಟನ್ನಿನಲ್ಲಿ ಹವ್ಯಾಸಿಗಳು ಬಳಸುವ ಪ್ಲಾಸ್ಟಿಕ್ ಪೀಪಾಯಿ ಅಗ್ಗ, ಕಡಿಮೆ ಅನಿಲದ ‘ಬಿಟರ್’ ಎಂಬ ಅಲ್ಲಿನ ಬಿಯರಿಗೆ ಒಪ್ಪುತ್ತದೆ, ಜೋರು ನೊರೆಯ ಬಿಯರಿಗೆ ಒಗ್ಗದು.

ತಂಪಿಗೆ ಹಳೆಯ ಫ್ರಿಜ್ ಸಾಕು. ಮೇಲಕ್ಕೆ ಬಾಗಿಲಿರುವ ಚೆಸ್ಟ್ ಫ್ರೀಜರ್ ಇನ್ನೂ ವಾಸಿ. ತಣ್ಣನೆ ಗಾಳಿ ಭಾರ, ಮುಚ್ಚಳ ತೆಗೆದರೂ ಹರಿದುಹೋಗುವುದಿಲ್ಲ. ತಾಪಮಾನ ನಿಯಂತ್ರಕವೊಂದನ್ನು ಪ್ಲಗ್ಗಿಗೆ ಸಿಕ್ಕಿಸಿ 3 ಡಿಗ್ರಿಗೆ ನಿಲ್ಲಿಸಬೇಕು, ಇಲ್ಲವಾದರೆ ಬಿಯರ್ ಹೆಪ್ಪುಗಟ್ಟುತ್ತದೆ. ನಲ್ಲಿ ಕೂರಿಸಲು ಫ್ರೀಜರಿನ ಗೋಡೆ ಕೊರೆಯಬಾರದು, ಶೀತಕ ಹರಿಯುವ ನಾಳ ಆ ತಗಡಿನ ಹಿಂದೆಯೇ ಇರುತ್ತದೆ. ಮುಚ್ಚಳದ ಕೆಳಗೆ ಮರದ ಚೌಕಟ್ಟು ಸೇರಿಸಿ ಅದನ್ನು ಕೊರೆಯುತ್ತಾರೆ.

ಸಿಲಿಂಡರನ್ನು ಯಾವಾಗಲೂ ನೆಟ್ಟಗೆ ನಿಲ್ಲಿಸಿ ಕಟ್ಟಿಡಬೇಕು. ಮಲಗಿಸಿದರೆ ದ್ರವ ರೆಗ್ಯುಲೇಟರಿಗೆ ನುಗ್ಗುತ್ತದೆ. ಈ ಅನಿಲ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಕಿಟಕಿಯಿಲ್ಲದ ನೆಲಮಾಳಿಗೆಯಲ್ಲಿ ಸೋರಿದರೆ ನೆಲಮಟ್ಟದಲ್ಲೇ ತುಂಬಿಕೊಳ್ಳುತ್ತದೆ, ಗಾಳಿಯಲ್ಲಿ ಅದರ ಪಾಲು ಶೇಕಡಾ 4 ಮುಟ್ಟಿದರೆ ಪ್ರಾಣಕ್ಕೇ ಅಪಾಯ. ಸೆಕೆಂಡ್ ಹ್ಯಾಂಡ್ ಸಿಲಿಂಡರ್ ಕೊಳ್ಳುವಾಗ ಭುಜದ ಮೇಲೆ ಕೆತ್ತಿದ ಪರೀಕ್ಷೆಯ ತಾರೀಕು ನೋಡಿ. ಅಮೆರಿಕದಲ್ಲಿ ಸಾಮಾನ್ಯವಾಗಿ ಐದು ವರ್ಷಕ್ಕೊಮ್ಮೆ ಒತ್ತಡ ಪರೀಕ್ಷೆ ಆಗಬೇಕು, ಅವಧಿ ಮೀರಿದ್ದನ್ನು ಅನಿಲದ ಅಂಗಡಿಯವರು ತುಂಬಿಕೊಡುವುದಿಲ್ಲ. ಕೆಲವೆಡೆ ಖಾಲಿ ಸಿಲಿಂಡರ್ ಕೊಟ್ಟು ತುಂಬಿದ್ದನ್ನು ಒಯ್ಯುವ ಪದ್ಧತಿ ಇದೆ. ಅಂಥ ಅಂಗಡಿ ಹತ್ತಿರದಲ್ಲಿದ್ದರೆ ಥಳಥಳ ಹೊಳೆಯುವ ಹೊಸ ಸಿಲಿಂಡರಿಗೆ ದುಡ್ಡು ಹಾಕಬೇಡಿ, ಮೊದಲ ಸಲವೇ ಅದನ್ನು ಕೊಟ್ಟು ಬಣ್ಣ ಹೋದ ಇನ್ಯಾರದೋ ಸಿಲಿಂಡರ್ ಮನೆಗೆ ತರುತ್ತೀರಿ.